ರೊಟ್ಟಿ ಒಲೆಗೆ ಜಾಲಿ ಕಟ್ಟಿಗೆ ಬಿಟ್ಟು ಪೆಲೆಟ್ ಹಾಕಬಹುದೇ? ಬಳಸಿ ನೋಡಿದವರು ದಯವಿಟ್ಟು ತಿಳಿಸಿ

ರೊಟ್ಟಿಮನೆ, ಕೊಪ್ಪಳ:

ಎಲ್ಲರಿಗೂ ನಮಸ್ಕಾರ. ಕೊಪ್ಪಳದ ಸಮೀಪದ ಹಳ್ಳಿಯೊಂದರಲ್ಲಿ, ಮನೆಯ ಹಿಂದಿನ ತಗಡಿನ ಚಪ್ಪರದ ಕೆಳಗೆ, ನಾನೂ ನಮ್ಮ ಅತ್ತೆಯವರೂ ಆರು ವರ್ಷಗಳಿಂದ ಜೋಳದ ರೊಟ್ಟಿ ಬಡಿದು ಪಟ್ಟಣದ ಖಾನಾವಳಿಗಳಿಗೆ ಕೊಡುತ್ತಿದ್ದೇವೆ. ದಿನಕ್ಕೆ ಇನ್ನೂರೈವತ್ತರಿಂದ ಮುನ್ನೂರು ರೊಟ್ಟಿ ಆಗುತ್ತವೆ. ರೊಟ್ಟಿಗೆ ಎರಡು ಒಲೆ, ಬಚ್ಚಲಿನಲ್ಲಿ ಹಂಡೆಯ ಒಲೆ ಒಂದು. ಮೂರಕ್ಕೂ ಬಳ್ಳಾರಿ ಜಾಲಿಯ ಕಟ್ಟಿಗೆಯೇ. ದಿನಕ್ಕೆ ಸುಮಾರು ಇಪ್ಪತ್ತೈದು ಕಿಲೋ ಉರಿಯುತ್ತದೆ.

ಈ ಚಳಿಗಾಲದಲ್ಲಿ ಅತ್ತೆಯವರ ಕೆಮ್ಮು ನಿಲ್ಲಲಿಲ್ಲ. ಅವರು ಹೊಗೆಯಿಂದ ದೂರ ಇರಬೇಕೆಂದು ವೈದ್ಯರು ಸ್ಪಷ್ಟವಾಗಿ ಹೇಳಿದ್ದಾರೆ. ಆದರೆ ನಲವತ್ತು ವರ್ಷ ಒಲೆಯ ಮುಂದೆ ಕುಳಿತ ಕೈಗೆ ಸುಮ್ಮನಿರು ಎಂದರೆ ಅದು ಸುಮ್ಮನಿರುವುದಿಲ್ಲ. ಕಳೆದ ವಾರ ಒಬ್ಬ ಮಾರಾಟಗಾರರು ಪುಟ್ಟ ಫ್ಯಾನ್ ಇರುವ ಪೆಲೆಟ್ ಒಲೆಯೊಂದನ್ನು (ಉಮಿ, ಸಿಪ್ಪೆಯಂಥ ಬೆಳೆಯ ತ್ಯಾಜ್ಯವನ್ನು ಪುಡಿ ಮಾಡಿ ಒತ್ತಿದ ಸಣ್ಣ ಗುಳಿಗೆಗಳೇ ಪೆಲೆಟ್) ತಂದು ನಮ್ಮ ಅಂಗಳದಲ್ಲೇ ಹೊತ್ತಿಸಿ ತೋರಿಸಿದರು. ಹೊಗೆ ಕಣ್ಣಿಗೆ ಕಾಣುವಷ್ಟು ಇರಲಿಲ್ಲ ಎಂಬುದು ನಿಜ. ಆದರೆ ಅವರು ಹಂಚಿಟ್ಟು ರೊಟ್ಟಿ ಬೇಯಿಸಿ ತೋರಿಸಲಿಲ್ಲ, ಒಂದು ಪಾತ್ರೆ ನೀರು ಕಾಯಿಸಿ ತೋರಿಸಿ ಹೋದರು. ಅದರ ಮೇಲೆ ರೊಟ್ಟಿ ಉಬ್ಬುತ್ತದೆಯೇ, ಪೆಲೆಟ್ ವರ್ಷವಿಡೀ ಸಿಗುತ್ತದೆಯೇ, ಕರೆಂಟ್ ಹೋದರೆ ಏನು ಗತಿ, ಹಂಡೆಗೂ ಅದನ್ನೇ ಬಳಸಬಹುದೇ ಎಂಬುದನ್ನು ತಿಳಿದವರು ಹೇಳಿದರೆ ದೊಡ್ಡ ಉಪಕಾರ.

ನಿವೃತ್ತ ಮೇಷ್ಟ್ರು, ಬಳ್ಳಾರಿ:

ತಂಗಿ, ಪಾಲಿಟೆಕ್ನಿಕ್‌ನಲ್ಲಿ ಮೂವತ್ತು ವರ್ಷ ಪಾಠ ಹೇಳಿದವನು ನಾನು. ಒಲೆ ಕೊಳ್ಳುವ ಮೊದಲು ಅದು ಕೆಲಸ ಮಾಡುವ ಬಗೆಯನ್ನು ತಿಳಿದುಕೊಳ್ಳುವುದು ಒಳ್ಳೆಯದು ಎಂಬ ಕಾರಣಕ್ಕೆ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಕಟ್ಟಿಗೆ ಕಾದಾಗ ಮೊದಲು ಅದರೊಳಗಿನ ನೀರು ಆವಿಯಾಗುತ್ತದೆ, ಆಮೇಲೆ ಉರಿಯುವ ಅನಿಲಗಳು ಹೊರಬರುತ್ತವೆ, ಕೊನೆಗೆ ಕೆಂಡ ಉಳಿಯುತ್ತದೆ. ನಾವು ಹೊಗೆ ಎನ್ನುವುದು ಬಹುಪಾಲು ಆ ಅನಿಲಗಳೇ. ಸಾಕಷ್ಟು ಶಾಖ ಮತ್ತು ಗಾಳಿ ಸಿಗದೆ ಉರಿಯದೇ ಹೋದ ಇಂಧನ. ಪೆಲೆಟ್ ಒಲೆಯಲ್ಲಿ ಇಂಧನವನ್ನು ಒಂದು ಗುಂಡಿಯಂಥ ಕೋಣೆಯಲ್ಲಿ ತುಂಬಿ ಮೇಲಿನಿಂದ ಬೆಂಕಿ ಹಚ್ಚುತ್ತಾರೆ. ಕೆಳಗಿನಿಂದ ಅಳತೆಯ ಗಾಳಿ ಬಂದು ಪೆಲೆಟ್ಟಿನಿಂದ ಅನಿಲ ಹೊರಡಿಸುತ್ತದೆ, ಮೇಲ್ಭಾಗದ ತೂತುಗಳಿಂದ ಬರುವ ಎರಡನೆಯ ಗಾಳಿ ಆ ಅನಿಲವನ್ನು ಪಾತ್ರೆಯ ಕೆಳಗೇ ಉರಿಸಿಬಿಡುತ್ತದೆ. ನಿಮ್ಮ ಊದುಗೊಳವೆ ಆಗೊಮ್ಮೆ ಈಗೊಮ್ಮೆ ಮಾಡುವ ಕೆಲಸವನ್ನು ಫ್ಯಾನ್ ಬಿಡದೆ ಮಾಡುತ್ತದೆ. ಮೂರು ಕಲ್ಲಿನ ಒಲೆಯಲ್ಲಿ ನೂರು ಪಾಲು ಶಾಖ ಹುಟ್ಟಿದರೆ ಪಾತ್ರೆಗೆ ಮುಟ್ಟುವುದು ಹತ್ತರಿಂದ ಹದಿನೈದು ಪಾಲು ಮಾತ್ರ. ಫ್ಯಾನ್ ಇರುವ ಒಲೆಗೆ ಕನಿಷ್ಠ ಶೇ 35ರಷ್ಟು ದಕ್ಷತೆ ಇರಬೇಕೆಂದು ಐಎಸ್ 13152 ಎಂಬ ಭಾರತೀಯ ಮಾನಕ ಹೇಳುತ್ತದೆ. ಮಾರಾಟಗಾರರು ಮತ್ತೆ ಬಂದಾಗ ಅವರ ಒಲೆ ಈ ಮಾನಕದ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆಯೇ ಎಂದು ಮೊದಲು ಕೇಳಿ.

ಇನ್ನು ಲೆಕ್ಕ. ಒಂದು ಕಿಲೋ ಪೆಲೆಟ್‌ನಲ್ಲಿ 16 ಮೆಗಾಜೂಲ್ ಶಾಖವಿದೆ ಎಂದುಕೊಂಡರೆ ಶೇ 35ರಂತೆ ಪಾತ್ರೆಗೆ 5.6 ಮೆಗಾಜೂಲ್ ಸಿಗುತ್ತದೆ. 60 ಲೀಟರಿನ ಹಂಡೆಯ ನೀರನ್ನು 20 ಡಿಗ್ರಿ ಬಿಸಿಯೇರಿಸಲು ಬೇಕಾದದ್ದು 5 ಮೆಗಾಜೂಲ್. ಅಂದರೆ ಸುಮಾರು 900 ಗ್ರಾಂ ಪೆಲೆಟ್ ಸಾಕು. ಅಡುಗೆ ಅನಿಲದ ಜೊತೆ ಹೋಲಿಸುವುದಾದರೆ, ಗ್ಯಾಸ್ ಒಲೆಯ ದಕ್ಷತೆ ಶೇ 60 ಎಂದು ಹಿಡಿದಾಗ, 14.2 ಕಿಲೋದ ಒಂದು ಸಿಲಿಂಡರಿನ ಕೆಲಸವನ್ನು ಮಾಡಲು ಸುಮಾರು 70 ಕಿಲೋ ಪೆಲೆಟ್ ಬೇಕು. ನಿಮ್ಮ ಊರಿನಲ್ಲಿ ಪೆಲೆಟ್ಟಿನ ದರವನ್ನು ಎಪ್ಪತ್ತರಿಂದ ಗುಣಿಸಿ ಸಿಲಿಂಡರಿನ ದರದ ಪಕ್ಕದಲ್ಲಿಟ್ಟು ನೋಡಿ. ಬರೀ ಮನೆಯ ಅಡುಗೆಗಾದರೆ ಪೆಲೆಟ್‌ನಿಂದ ಉಳಿತಾಯ ಬಹಳ ಇರಲಾರದು ಎಂಬುದು ನನ್ನ ಅಭಿಪ್ರಾಯ. ಆದರೆ ನೀವು ಮಾಡುತ್ತಿರುವುದು ವ್ಯಾಪಾರ. ಗೃಹಬಳಕೆಯ ಸಿಲಿಂಡರನ್ನು ಅದಕ್ಕೆ ಬಳಸುವಂತಿಲ್ಲವಾದ್ದರಿಂದ ನಿಮ್ಮ ಹೋಲಿಕೆ 19 ಕಿಲೋದ ವಾಣಿಜ್ಯ ಸಿಲಿಂಡರಿನ ಜೊತೆ ನಡೆಯಬೇಕು.

ಅಕ್ಕಿ ಗಿರಣಿಯವ, ಗಂಗಾವತಿ:

ಮೇಷ್ಟ್ರು ಒಲೆಯ ಬಗ್ಗೆ ಹೇಳಿದ್ದಾರೆ, ನಾನು ಪೆಲೆಟ್ಟಿನ ಬಗ್ಗೆ ಹೇಳುತ್ತೇನೆ, ಏಕೆಂದರೆ ಒಲೆಗಿಂತ ಹೆಚ್ಚಾಗಿ ಅದರ ಹೊಟ್ಟೆಗೆ ಏನು ಹಾಕುತ್ತೀರಿ ಎಂಬುದೇ ಇಲ್ಲಿ ಮುಖ್ಯ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಸುತ್ತ ತುಂಗಭದ್ರೆಯ ನೀರು ಹರಿದಲ್ಲೆಲ್ಲ ಭತ್ತವಿದೆ, ಭತ್ತವಿದ್ದಲ್ಲೆಲ್ಲ ಉಮಿ ಇದೆ. ಹೀಗಾಗಿ ನಮ್ಮ ಕಡೆ ಅಗ್ಗವಾಗಿ ಸಿಗುವ ಪೆಲೆಟ್ಟಿನಲ್ಲಿ ಉಮಿಯ ಪಾಲು ದೊಡ್ಡದಾಗಿರುವ ಸಾಧ್ಯತೆ ಹೆಚ್ಚು. ಉಮಿ ಕೆಟ್ಟ ಇಂಧನವಲ್ಲ. ನಮ್ಮ ಗಿರಣಿಯ ಬಾಯ್ಲರ್ ಉಮಿಯಿಂದಲೇ ನಡೆಯುತ್ತದೆ. ಆದರೆ ನೂರು ಕಿಲೋ ಉಮಿ ಸುಟ್ಟರೆ ಹದಿನೇಳರಿಂದ ಇಪ್ಪತ್ತು ಕಿಲೋ ಬೂದಿ ಉಳಿಯುತ್ತದೆ, ಆ ಬೂದಿಯ ಬಹುಭಾಗ ಸಿಲಿಕಾ, ಅಂದರೆ ಮರಳಿನ ಜಾತಿಯದು. ಬಾಯ್ಲರಿನಲ್ಲಾದರೆ ಬೂದಿ ತೆಗೆಯಲು ಆಳಿದ್ದಾನೆ. ಅಂಗೈಯಗಲದ ಒಲೆಯಲ್ಲಿ ಅದೇ ಬೂದಿ ಜಾಲರಿಯ ಮೇಲೆ ಕುಳಿತು ಕೆಳಗಿನ ಗಾಳಿಯನ್ನು ತಡೆಯುತ್ತದೆ, ಗಾಳಿ ತಡೆದ ಕೂಡಲೇ ಒಲೆ ಹೊಗೆಯಾಡುತ್ತದೆ. ಆಗ ಜನ ಒಲೆಯನ್ನು ಬೈಯುತ್ತಾರೆ.

ಪೆಲೆಟ್ ಕೊಳ್ಳುವಾಗ ಒಂದು ಕಿಲೋ ತೂಗಿ ಪೂರ್ತಿ ಸುಟ್ಟು, ಬೂದಿ ಆರಿದ ಮೇಲೆ ಮತ್ತೆ ತೂಗಿ. ನೂರೈವತ್ತು ಗ್ರಾಂ ಮೀರಿದರೆ ಅದು ಬಹುಪಾಲು ಉಮಿ. ಶೇಂಗಾ ಸಿಪ್ಪೆಯದಾದರೆ ಬೂದಿ ಬಹಳ ಕಡಿಮೆ. ಇನ್ನೊಂದು ಪರೀಕ್ಷೆ: ಒಂದೆರಡು ಪೆಲೆಟ್ಟನ್ನು ಲೋಟದ ನೀರಿಗೆ ಹಾಕಿ, ಚೆನ್ನಾಗಿ ಒತ್ತಿ ಮಾಡಿದ್ದು ಮುಳುಗುತ್ತದೆ, ಸಡಿಲವಾದದ್ದು ತೇಲುತ್ತದೆ. ಚೀಲದ ತಳದಲ್ಲಿ ಪುಡಿ ಹೆಚ್ಚಿದ್ದರೆ ಅಂಥ ಚೀಲ ಬೇಡ.

ನಾಲ್ಕೆಕರೆ ಹತ್ತಿ, ಮಾನ್ವಿ:

ಗಿರಣಿಯಣ್ಣನವರ ಮಾತಿಗೆ ಒಂದು ಸೇರಿಸುತ್ತೇನೆ. ನಮ್ಮ ರಾಯಚೂರು ಸೀಮೆಯಲ್ಲಿ ಉಮಿಯಷ್ಟೇ ಹೇರಳವಾಗಿ ಹತ್ತಿ ಕಟ್ಟಿಗೆ ಇದೆ. ಗುಲಾಬಿ ಕಾಯಿಕೊರಕ ಮುಂದಿನ ಬೆಳೆಗೆ ಉಳಿಯಬಾರದೆಂದು ಕೊನೆಯ ಬಿಡಿಸುವಿಕೆ ಮುಗಿದ ಕೂಡಲೇ ಗಿಡ ಕಿತ್ತು ಹೊಲ ತೆರವು ಮಾಡಿ ಎಂದು ಕೃಷಿ ವಿಶ್ವವಿದ್ಯಾಲಯದವರು ಹೇಳುತ್ತಾರೆ. ಕಿತ್ತದ್ದನ್ನು ಏನು ಮಾಡುವುದು? ಮನೆಯ ಒಲೆಗೆ ಒಂದಿಷ್ಟು ಹೋಗುತ್ತದೆ, ಮಿಕ್ಕದ್ದನ್ನು ಬದುವಿನಲ್ಲಿ ರಾಶಿ ಹಾಕಿ ಬೆಂಕಿ ಇಡುತ್ತೇವೆ. ಅದನ್ನು ಪುಡಿ ಮಾಡಿ ಪೆಲೆಟ್ ಒತ್ತಿದರೆ ಉಮಿಗಿಂತ ಬೂದಿ ಎಷ್ಟೋ ಕಡಿಮೆ. ಒಂದೇ ತೊಡಕೆಂದರೆ, ಹತ್ತಿ ಕಟ್ಟಿಗೆ ಹಗುರ. ಟ್ರ್ಯಾಕ್ಟರ್ ತುಂಬಿದರೂ ತೂಕ ಬರುವುದಿಲ್ಲ, ಆದ್ದರಿಂದ ಯಂತ್ರ ಹತ್ತಿರದಲ್ಲೇ ಇರಬೇಕು. ನಮ್ಮಂಥ ನಾಲ್ಕು ಊರಿನವರು ಕೂಡಿ ಒಂದು ಯಂತ್ರ ಹಾಕಿಕೊಂಡರೆ ಅಕ್ಕನವರಂಥವರಿಗೆ ಇಂಧನ ಸಿಗುತ್ತದೆ, ನಮಗೂ ಹೊಲ ಸುಡುವ ಪಾಪ ತಪ್ಪುತ್ತದೆ ಎಂಬುದು ನನ್ನ ಬಹುದಿನದ ಆಸೆ.

ಸಿಂಧನೂರಿನವ, ಈಗ ಜರ್ಮನಿಯಲ್ಲಿ:

ಇಲ್ಲಿ ನಾವು ಬಾಡಿಗೆಗಿರುವ ಮನೆಯ ಮಾಲೀಕರು ಮೂರು ವರ್ಷದ ಹಿಂದೆ ಕಟ್ಟಿಗೆಯ ಒಲೆ ತೆಗೆಸಿ, ಮನೆ ಬೆಚ್ಚಗಿಡಲು ಪೆಲೆಟ್ ಒಲೆ ಹಾಕಿಸಿದರು. ಅಡುಗೆಗೂ ಅದಕ್ಕೂ ಸಂಬಂಧವಿಲ್ಲ. ಆದರೂ ನನ್ನ ಅನುಭವದ ಒಂದೆರಡು ಸಂಗತಿ ನಿಮಗೆ ಉಪಯೋಗವಾಗಬಹುದು.

ಇಲ್ಲಿಯ ಒಲೆಯಲ್ಲಿ ಪೆಲೆಟ್ ತುಂಬುವ ಡಬ್ಬಿ ಮೇಲಿದೆ. ತಿರುಗುವ ಸುರುಳಿಯೊಂದು ಅಲ್ಲಿಂದ ಸ್ವಲ್ಪ ಸ್ವಲ್ಪವಾಗಿ ಪೆಲೆಟ್ಟನ್ನು ಬೆಂಕಿಯ ಬಟ್ಟಲಿಗೆ ಬೀಳಿಸುತ್ತದೆ. ಎಂಟು ಕಿಲೋವ್ಯಾಟ್ ಶಾಖ ಕೊಡುವಾಗ ಗಂಟೆಗೆ ಎರಡು ಕಿಲೋದ ಹತ್ತಿರ ಉರಿಯುತ್ತದೆ. ಹೊತ್ತಿಸುವುದು, ಊದುವುದು, ಇಂಧನ ತಳ್ಳುವುದು ಎಲ್ಲವೂ ವಿದ್ಯುತ್ತಿನಿಂದಲೇ ಆಗುವುದರಿಂದ ಕರೆಂಟ್ ಹೋದರೆ ಮನೆ ತಣ್ಣಗಾಗುತ್ತದೆ. ಕಟ್ಟಿಗೆಯ ಒಲೆಗೆ ಆ ಹಂಗು ಇರಲಿಲ್ಲ. ಪೆಲೆಟ್ಟಿನ ಗುಣಮಟ್ಟವನ್ನು ಇಲ್ಲಿ ಬಹಳ ಬಿಗಿಯಾಗಿ ನೋಡುತ್ತಾರೆ: ಮೇಲ್ದರ್ಜೆಯ ಪೆಲೆಟ್‌ನಲ್ಲಿ ಬೂದಿ ಶೇ 0.7ನ್ನು, ತೇವಾಂಶ ಶೇ 10ನ್ನು ಮೀರಬಾರದು. ಗಿರಣಿಯಣ್ಣ ಹೇಳಿದ ಉಮಿಯ ಬೂದಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಈ ದೇಶಗಳ ಒಲೆಯ ವಿಡಿಯೋ ನೋಡಿ ನಮ್ಮ ಪೆಲೆಟ್‌ನಿಂದ ಅದೇ ಉರಿಯನ್ನು ನಿರೀಕ್ಷಿಸಬಾರದು ಎಂಬುದು ಅದರಿಂದಲೇ ತಿಳಿಯುತ್ತದೆ. ಕೊನೆಯದಾಗಿ, 2022ರಲ್ಲಿ ಅನಿಲದ ಅಭಾವ ಬಂದಾಗ ಇಲ್ಲಿ ಪೆಲೆಟ್ಟಿನ ಬೆಲೆ ಒಂದೇ ವರ್ಷದಲ್ಲಿ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು. ಒಲೆ ಹಾಕಿಸಿಕೊಂಡವರಿಗೆ ಆಗ ಬೇರೆ ದಾರಿ ಇರಲಿಲ್ಲ.

ನಿವೃತ್ತ ಮೇಷ್ಟ್ರು, ಬಳ್ಳಾರಿ:

ಸಿಂಧನೂರಿನ ತಮ್ಮ ಹೇಳಿದ ಬೆಲೆಯ ಮಾತು ನಮ್ಮಲ್ಲೂ ಒಮ್ಮೆ ನಡೆದದ್ದೇ. 2006ರ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂತ್ರಜ್ಞಾನದಿಂದ ರೂಪುಗೊಂಡ ‘ಊರ್ಜಾ’ ಎಂಬ ಪೆಲೆಟ್ ಒಲೆ ಮಾರುಕಟ್ಟೆಗೆ ಬಂದು ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡಿನ ಲಕ್ಷಾಂತರ ಮನೆಗಳನ್ನು ಸೇರಿತು. ಒಲೆ ಒಳ್ಳೆಯದೇ ಇತ್ತು. ಕೃಷಿ ತ್ಯಾಜ್ಯಕ್ಕೆ ಕಾರ್ಖಾನೆಗಳಿಂದ ಬೇಡಿಕೆ ಏರಿ ಪೆಲೆಟ್ ದುಬಾರಿಯಾದಂತೆ ಅನೇಕರು ಅದನ್ನು ಅಟ್ಟಕ್ಕೆ ಹಾಕಿ ಮತ್ತೆ ಕಟ್ಟಿಗೆಗೆ ಮರಳಿದರು. ಆ ಒಲೆಗೆ ಕಟ್ಟಿಗೆ ಹಾಕಲು ಬರುತ್ತಿರಲಿಲ್ಲ ಎಂಬುದನ್ನು ಗಮನಿಸಿ.

ಈಗ ಆ ಬೇಡಿಕೆ ಇನ್ನೂ ಹೆಚ್ಚಿದೆ. ಉಷ್ಣ ವಿದ್ಯುತ್ ಸ್ಥಾವರಗಳು ಕಲ್ಲಿದ್ದಲಿನ ಜೊತೆ ಶೇ 5ರಷ್ಟು ಪೆಲೆಟ್ ಸುಡಬೇಕೆಂದು ಕೇಂದ್ರ ಇಂಧನ ಸಚಿವಾಲಯ 2021ರ ಅಕ್ಟೋಬರಿನಲ್ಲಿ ನೀತಿ ಹೊರಡಿಸಿತು. ನಮ್ಮ ಸುತ್ತಮುತ್ತ ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್, ಕುಡಿತಿನಿಯಲ್ಲಿ 1,700, ಯರಮರಸಿನಲ್ಲಿ 1,600 ಮೆಗಾವ್ಯಾಟ್ ಸಾಮರ್ಥ್ಯದ ಸ್ಥಾವರಗಳಿವೆ. ಲಾರಿಗಟ್ಟಲೆ ಕೊಳ್ಳುವವರು ಬಾಗಿಲಲ್ಲಿ ನಿಂತಿರುವಾಗ ಎರಡು ಚೀಲ ಕೇಳುವ ತಂಗಿಯನ್ನು ಪೆಲೆಟ್ ಮಾರುವವರು ಎಷ್ಟು ದಿನ ವಿಚಾರಿಸಿಕೊಂಡಾರು? ಆದ್ದರಿಂದ ಪೆಲೆಟ್ ಮುಗಿದ ದಿನ ಸಣ್ಣದಾಗಿ ಕಡಿದ ಜಾಲಿ ಕಟ್ಟಿಗೆಯನ್ನೂ ಉರಿಸಬಲ್ಲ ಒಲೆಯನ್ನೇ ಆರಿಸಿ. ಇದು ನನ್ನ ಗಟ್ಟಿಯಾದ ಸಲಹೆ.

ಎರಡು ಹಂಚಿನ ಒಲೆ, ಕುಷ್ಟಗಿ:

ಅಕ್ಕಾ, ನಾನೂ ರೊಟ್ಟಿ ಮಾಡುವವಳೇ. ಕಳೆದ ಸುಗ್ಗಿಯಲ್ಲಿ ಮೂರು ತಿಂಗಳು ಪೆಲೆಟ್ ಒಲೆಯಲ್ಲಿ ಮಾಡಿದೆ, ಆದ್ದರಿಂದ ರೊಟ್ಟಿಯ ಬಗ್ಗೆ ಮಾತ್ರ ಹೇಳುತ್ತೇನೆ.

ಕಟ್ಟಿಗೆ ಒಲೆಯ ಉರಿ ಹಂಚಿನ ಅಡಿಯಲ್ಲೆಲ್ಲ ಹರಡುತ್ತದೆ. ಪೆಲೆಟ್ ಒಲೆಯ ಉರಿ ಕಂಬದಂತೆ ನೆಟ್ಟಗೆ ನಡುವೆಯೇ ಏಳುತ್ತದೆ. ತೆಳುವಾದ ಕಬ್ಬಿಣದ ಹಂಚಿಟ್ಟರೆ ರೊಟ್ಟಿಯ ನಡು ಕಪ್ಪಾಗುತ್ತದೆ, ಅಂಚು ಹಸಿಯಾಗಿಯೇ ಇರುತ್ತದೆ. ಮೊದಲ ವಾರ ನನ್ನ ರೊಟ್ಟಿಗಳನ್ನು ಖಾನಾವಳಿಯವರು ವಾಪಸು ಕಳಿಸಿದಾಗ ಅತ್ತುಬಿಟ್ಟಿದ್ದೆ. ಆಮೇಲೆ ದಪ್ಪನೆಯ ಎರಕದ ಹಂಚು ತಂದು, ಒಲೆಯ ಬಾಯಿಗೂ ಹಂಚಿಗೂ ನಡುವೆ ಎರಡು ಬೆರಳಿನಷ್ಟು ಎತ್ತರದ ಕಬ್ಬಿಣದ ಬಳೆ ಇಟ್ಟೆ. ಉರಿ ಬಡಿದು ಸುತ್ತಲೂ ಹರಡಲು ಜಾಗ ಸಿಕ್ಕಿತು. ಅಲ್ಲಿಂದ ರೊಟ್ಟಿ ಸಮನಾಗಿ ಬೇಯತೊಡಗಿತು, ನೀರು ಸವರಿ ಮಗುಚಿದರೆ ಚೆನ್ನಾಗಿ ಉಬ್ಬುತ್ತಿತ್ತು. ಆದರೆ ಖಡಕ್ ರೊಟ್ಟಿಗೆ ತೊಂದರೆಯಾಯಿತು. ಕಟ್ಟಿಗೆ ಒಲೆಯಲ್ಲಾದರೆ ಬೆಂದ ರೊಟ್ಟಿಯನ್ನು ಒಲೆಯ ಬಾಯಿಯ ಕೆಂಡದೆದುರು ಒರಗಿಸಿಟ್ಟರೆ ಸಾಕು, ಅದು ತಾನಾಗಿ ಗರಿಯಾಗುತ್ತದೆ. ಪೆಲೆಟ್ ಒಲೆಗೆ ಅಂಥ ಬಾಯಿಯೇ ಇಲ್ಲ. ಒಮ್ಮೆ ತುಂಬಿದ ಪೆಲೆಟ್ ಉರಿಯುವಾಗ ನಡುವೆ ಮತ್ತೆ ಸುರಿಯಲೂ ಬರುವುದಿಲ್ಲ. ಸುರಿದರೆ ಚಪ್ಪರ ತುಂಬ ದಟ್ಟ ಹೊಗೆ. ಫ್ಯಾನ್ ಬ್ಯಾಟರಿಯದ್ದು, ಒಮ್ಮೆ ಚಾರ್ಜ್ ಮಾಡಿದರೆ ದಿನದ ಕೆಲಸಕ್ಕೆ ಸಾಕಾಗುತ್ತಿತ್ತು, ಹಾಗಾಗಿ ಕರೆಂಟಿನ ಚಿಂತೆ ನನಗೆ ಬರಲಿಲ್ಲ. ನಾನು ನಿಲ್ಲಿಸಿದ್ದು ಬೇರೆ ಕಾರಣಕ್ಕೆ: ಮಳೆಗಾಲದಲ್ಲಿ ಚೀಲಗಳನ್ನು ನೆಲದ ಮೇಲೆ ಇಟ್ಟಿದ್ದೆ, ತೇವ ಹಿಡಿದು ಪೆಲೆಟ್ ಉಬ್ಬಿ ಹೊಟ್ಟಾಗಿ ಹೋಯಿತು.

ಆರೋಗ್ಯ ಕಾರ್ಯಕರ್ತೆ, ರಾಯಚೂರು:

ಹಂಡೆಯ ವಿಷಯಕ್ಕೆ ಒಂದೇ ಮಾತು, ದಯವಿಟ್ಟು ಲಘುವಾಗಿ ತೆಗೆದುಕೊಳ್ಳಬೇಡಿ. ಪೆಲೆಟ್ಟಿನ ಉರಿ ಇಳಿದು ಕೆಂಡ ಉಳಿದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹೆಚ್ಚಾಗಿ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಟ್ಟಿಗೆಯ ಹೊಗೆಯಾದರೆ ಕಣ್ಣು ಉರಿಸಿ ಹೊರಗೆ ಓಡಿಸುತ್ತದೆ, ಇದು ಹಾಗೆ ಎಚ್ಚರಿಸುವುದಿಲ್ಲ. ಹೊಗೆ ಇಲ್ಲವೆಂದು ನಂಬಿ ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಈ ಒಲೆ ಇಟ್ಟುಕೊಂಡು ಯಾರೂ ಸ್ನಾನ ಮಾಡಬಾರದು. ಹಂಡೆ ಒಲೆಯ ಬಾಯಿ ಬಚ್ಚಲ ಗೋಡೆಯ ಹೊರಗೆ ಇರಲಿ, ಹೊಗೆ ಕೊಳವೆ ಮಾಡಿಗಿಂತ ಮೇಲೆ ಹೋಗಲಿ. ಅತ್ತೆಯವರ ಕೆಮ್ಮು ಎರಡು ವಾರ ಮೀರಿದ್ದರೆ ಒಲೆಯ ಹೊಗೆಯೇ ಕಾರಣ ಎಂದುಕೊಂಡು ಬಿಡದೆ ಕಫದ ಪರೀಕ್ಷೆಯನ್ನೂ ಮಾಡಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ.

ರೊಟ್ಟಿಮನೆ, ಕೊಪ್ಪಳ:

ಎಲ್ಲರಿಗೂ ಕೈಮುಗಿದು ಹೇಳುತ್ತಿದ್ದೇನೆ, ನಿಮ್ಮ ಒಂದೊಂದು ಮಾತನ್ನೂ ಅತ್ತೆಯವರಿಗೆ ಓದಿ ಹೇಳಿದೆ. ಅವರ ಕಫ ಪರೀಕ್ಷೆಯಲ್ಲಿ ಏನೂ ಕಂಡುಬರಲಿಲ್ಲ. ಮಾರಾಟಗಾರರಿಂದ ಒಲೆಯನ್ನು ಎರಡು ವಾರ ಪರೀಕ್ಷೆಗೆಂದು ಪಡೆದು, ಉಮಿಯ ಪೆಲೆಟ್ ಒಂದು ಚೀಲ, ಶೇಂಗಾ ಸಿಪ್ಪೆಯದು ಒಂದು ಚೀಲ ತರಿಸಿದೆ.

ಕಿಲೋ ತೂಗಿ ಸುಟ್ಟಾಗ ಉಮಿಯದರಲ್ಲಿ 190 ಗ್ರಾಂ ಬೂದಿ ಉಳಿಯಿತು, ಶೇಂಗಾ ಸಿಪ್ಪೆಯದರಲ್ಲಿ 45 ಗ್ರಾಂ. ಉಮಿಯದು ಸುಟ್ಟ ಮೇಲೂ ಪೆಲೆಟ್ಟಿನ ಆಕಾರದಲ್ಲೇ ನಿಂತಿತ್ತು. ಕೆಂಡ ಎಂಬುದು ಅದರಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಶೇಂಗಾ ಸಿಪ್ಪೆಯದನ್ನು ಒಂದೂವರೆ ಕಿಲೋ ತುಂಬಿದರೆ ಐವತ್ತು ನಿಮಿಷ ಒಳ್ಳೆಯ ಉರಿ ಬರುತ್ತದೆ. ಕುಷ್ಟಗಿಯ ತಂಗಿ ಹೇಳಿದಂತೆ ಬಳೆಯನ್ನೂ ಎರಕದ ಹಂಚನ್ನೂ ಇಟ್ಟು ಆ ಐವತ್ತು ನಿಮಿಷದಲ್ಲಿ ಮೂವತ್ತೆಂಟು ರೊಟ್ಟಿ ತೆಗೆದೆವು. ಅತ್ತೆಯವರು ಮೊದಲು ಒಲೆಯ ಕಡೆ ಮುಖ ಕೊಟ್ಟು ನೋಡಲಿಲ್ಲ; ಹತ್ತನೆಯ ರೊಟ್ಟಿ ಉಬ್ಬಿದಾಗ ಕೈ ತೊಳೆದುಕೊಂಡು ಬಂದು ತಾವೇ ಬಡಿಯಲು ಕುಳಿತರು.

ಖಡಕ್ ರೊಟ್ಟಿಗೆ ದಾರಿ ಹುಡುಕಿದ್ದೂ ಅವರೇ. ಉರಿ ಇಳಿದ ಮೇಲೆ ಒಲೆಯೊಳಗೆ ಕೆಂಡ ಇನ್ನೂ ಅರ್ಧ ಗಂಟೆ ಇರುತ್ತದೆ. ಫ್ಯಾನ್ ನಿಲ್ಲಿಸಿ, ಬಳೆಯ ಮೇಲೆ ಕಬ್ಬಿಣದ ಜಾಲರಿ ಇಟ್ಟು, ಬೆಂದ ರೊಟ್ಟಿಗಳನ್ನು ಒಂದೊಂದಾಗಿ ಅದರ ಮೇಲೆ ತಿರುವಿ ಹಾಕಿದರು. ಹೊಗೆಯ ವಾಸನೆಯಿಲ್ಲದೆ ಎಲ್ಲ ಕಡೆ ಸಮನಾಗಿ ಗರಿಯಾದವು. ಇದನ್ನು ತೆರೆದ ಚಪ್ಪರದ ಕೆಳಗೆ ಮಾತ್ರ ಮಾಡುತ್ತಿದ್ದೇವೆ, ರಾಯಚೂರಿನ ಅಕ್ಕನವರ ಮಾತು ನೆನಪಿದೆ. ಎರಡು ಒಲೆಗಳಿದ್ದರೆ ಒಂದು ಉರಿಯುವಾಗ ಇನ್ನೊಂದು ಕೆಂಡದಲ್ಲಿರುತ್ತದೆ, ಆಗ ನಡುವೆ ಪೆಲೆಟ್ ಸುರಿಯುವ ಪ್ರಶ್ನೆಯೂ ಬರುವುದಿಲ್ಲ.

ಹಂಡೆಗೆ 60 ಲೀಟರಿಗೆ ಒಂದು ಕಿಲೋ ನೂರು ಗ್ರಾಂ ಹಿಡಿಯಿತು. ಮೇಷ್ಟ್ರ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚು, ನಮ್ಮ ಹಂಡೆಯ ತಳದ ಮಸಿ ಕಾರಣವಿರಬಹುದು. ಆದರೆ ಬಚ್ಚಲಿನ ಗೋಡೆ ಒಡೆದು ಒಲೆಯ ಬಾಯಿಯನ್ನು ಹೊರಗೆ ತಿರುಗಿಸುವ ತನಕ ಹಂಡೆಗೆ ಪೆಲೆಟ್ ಹಾಕುವುದಿಲ್ಲ.

ನಿವೃತ್ತ ಮೇಷ್ಟ್ರು, ಬಳ್ಳಾರಿ:

ಕೆಂಡದ ಉಪಾಯ ನನಗೆ ಹೊಳೆದಿರಲಿಲ್ಲ, ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಹಂಡೆಯ ಒಲೆಯನ್ನು ಹೇಗೂ ಹೊಸದಾಗಿ ಕಟ್ಟಿಸುವುದಾದರೆ ಅಸ್ತ್ರ ಒಲೆಯ ಮಾದರಿಯಲ್ಲಿ ಕಟ್ಟಿಸಿ. ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದವರು ನಮ್ಮ ಹಳ್ಳಿಗಳಿಗಾಗಿಯೇ ರೂಪಿಸಿದ, ಮಣ್ಣಿನಲ್ಲಿ ಕಟ್ಟಬಹುದಾದ, ಹೊಗೆ ಕೊಳವೆಯ ಒಲೆ ಅದು. ಒಣ ಜಾಲಿ ಕಟ್ಟಿಗೆಯನ್ನೇ ಹಾಕಿದರೂ ಹೊಗೆ ಮನೆಯೊಳಗೆ ಬರುವುದಿಲ್ಲ. ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದ ಹತ್ತಿರ ನೀರೇ ಇರುತ್ತದೆ, ಆದ್ದರಿಂದ ಈ ಬೇಸಿಗೆಯಲ್ಲಿ ಸೀಳಿ ಒಟ್ಟಿದ್ದನ್ನು ಮುಂದಿನ ಚಳಿಗಾಲದಲ್ಲಿ ಉರಿಸಿ. ನಮ್ಮ ಬಿಸಿಲು ಅಷ್ಟು ಉಪಕಾರವನ್ನಾದರೂ ಮಾಡುತ್ತದೆ.

ಅಕ್ಕಿ ಗಿರಣಿಯವ, ಗಂಗಾವತಿ:

ಶೇಂಗಾ ಸಿಪ್ಪೆಯ ಪೆಲೆಟ್ ಕಿಲೋಗೆ ಎಷ್ಟು ಬಿತ್ತು ಅಕ್ಕಾ?

ರೊಟ್ಟಿಮನೆ, ಕೊಪ್ಪಳ:

ಮನೆಗೆ ತಲುಪಿಸಿ ಹನ್ನೆರಡು ರೂಪಾಯಿ. ದಿನಕ್ಕೆ ರೊಟ್ಟಿಗೆ ಹನ್ನೊಂದು ಕಿಲೋ ಆಗುತ್ತದೆ, ನೂರಾ ಮೂವತ್ತೆರಡು ರೂಪಾಯಿ. ಇಷ್ಟು ದಿನ ರೊಟ್ಟಿಯ ಒಲೆಗಳಿಗೆ ಇಪ್ಪತ್ತೆರಡು ಕಿಲೋ ಕಟ್ಟಿಗೆ, ಐದು ರೂಪಾಯಿಯಂತೆ ನೂರಾ ಹತ್ತು ಆಗುತ್ತಿತ್ತು. ದಿನಕ್ಕೆ ಇಪ್ಪತ್ತೆರಡು ರೂಪಾಯಿ ಹೆಚ್ಚು. ಅರ್ಧಕ್ಕೆ ಅರ್ಧ ಉಳಿಯುತ್ತದೆ ಎಂದು ಮಾರಾಟಗಾರರು ಹೇಳಿದ್ದು ನಮ್ಮಲ್ಲಿ ಸುಳ್ಳಾಯಿತು. ಆದರೂ ಈ ಎರಡು ವಾರ ಅತ್ತೆಯವರು ರಾತ್ರಿ ಕೆಮ್ಮದೆ ಮಲಗಿದ್ದಾರೆ. ಇಪ್ಪತ್ತೆರಡು ರೂಪಾಯಿ ನನಗೆ ಭಾರವೆನಿಸಲಿಲ್ಲ. ಕಟ್ಟಿಗೆಯ ಚೂರನ್ನೂ ಹಾಕಬಹುದಾದ ಮಾದರಿ ಬೇಕೆಂದು ಹೇಳಿ ಎರಡು ಒಲೆಗಳಿಗೆ ಮುಂಗಡ ಕೊಟ್ಟಿದ್ದೇನೆ. ಚೀಲಗಳನ್ನು ಇಡಲು ಚಪ್ಪರದ ಮೂಲೆಯಲ್ಲಿ ಮೊಣಕಾಲೆತ್ತರದ ಹಲಗೆಯ ಅಟ್ಟಣಿಗೆ ಹಾಕಿಸಿದ್ದಾಯಿತು.

ನಾಲ್ಕೆಕರೆ ಹತ್ತಿ, ಮಾನ್ವಿ:

ಹನ್ನೆರಡು ರೂಪಾಯಿಯಲ್ಲಿ ಸಾಗಣೆಯದು ಎಷ್ಟು ಎಂದು ಕೇಳಿ ತಿಳಿಸುವಿರಾ ಅಕ್ಕಾ? ಬರುವ ಸೋಮವಾರ ನಮ್ಮ ಊರಿನ ಹತ್ತು ರೈತರು ಯಂತ್ರದ ವಿಷಯ ಮಾತನಾಡಲು ಸೇರುತ್ತಿದ್ದೇವೆ, ಆ ಅಂಕಿ ನನಗೆ ಬೇಕು.